ಪ್ರಭಾವಳಿ ಎಲ್ಲಿದೆ, ತೋರಿಸಿ

ನಮಸ್ಕಾರ.

ನಿಮ್ಮ ‘ತಲೆಕೆಳಗಿನ ಧ್ಯಾನಿ’ ಲೇಖನ ತಲುಪಿತು. ಹಾಕಿಕೊಳ್ಳಲು ಆಗದ ಬರಹಗಳಿಗೆ ನಾವು ಎರಡು ಸಾಲು ಬರೆದು ಕೈ ತೊಳೆದುಕೊಳ್ಳುತ್ತೇವೆ. ನಿಮಗೆ ಹಾಗೆ ಮಾಡಲು ಮನಸ್ಸಾಗಲಿಲ್ಲ. ಮೊದಲ ಸಲ ಓದಿದಾಗ ಸಿಟ್ಟು ಬಂತು. ಎರಡನೇ ಸಲ ಓದಿದೆ, ಸಿಟ್ಟು ಇನ್ನೂ ಜಾಸ್ತಿಯಾಯಿತು. ಇಷ್ಟು ಒಳ್ಳೆಯ ವಿಷಯ ಕೈಗೆ ಸಿಕ್ಕಿದ್ದರೂ ನೀವು ಅದನ್ನು ಸರಿಯಾಗಿ ನೋಡಿಯೇ ಇಲ್ಲವಲ್ಲ ಅಂತ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಭಾಷೆ ಸಲೀಸಾಗಿದೆ. ಕಾಗುಣಿತ ತಪ್ಪಿಲ್ಲ, ಈಗ ಅದೇ ಅಪರೂಪ. ಭವಿಷ್ಯ ಹೇಳುವವರು ಬಳಸುವ ಟ್ಯಾರೋ ಎಂಬ ಚಿತ್ರದೆಲೆಗಳ ಕಟ್ಟಿನ (ಡೆಕ್) ಹನ್ನೆರಡನೇ ಕಾರ್ಡು, ಒಂದು ಕಾಲಿಗೆ ಹಗ್ಗ ಬಿಗಿದು ತಲೆಕೆಳಗಾಗಿ ತೂಗುಹಾಕಿದ ಆ ‘ಹ್ಯಾಂಗ್ಡ್ ಮ್ಯಾನ್’. ಅವನು ನಾಲ್ಕು ಡೆಕ್‌ಗಳಲ್ಲಿ ಹೇಗೆ ಬಂದಿದ್ದಾನೆ ಅಂತ ಹೋಲಿಸುವ ಯೋಚನೆ ಚೆನ್ನಾಗಿದೆ. ಭವಿಷ್ಯ ಹೇಳುವ ಗೊಡವೆಗೆ ನೀವು ಹೋಗಿಲ್ಲ, ಅದೂ ಒಳ್ಳೆಯದೇ. ಹೊಗಳಿಕೆ ಇಷ್ಟೇ.

ಈಗ ನಿಮ್ಮ ಮೂರನೇ ಪ್ಯಾರಾಕ್ಕೆ ಬನ್ನಿ. ಅಲ್ಲಿ ಈ ವಾಕ್ಯ ಇದೆ: ‘ಹದಿನೈದನೇ ಶತಮಾನದ ವಿಸ್ಕೊಂಟಿ-ಸ್ಫೋರ್ಜಾ ಡೆಕ್‌ನಿಂದ ಹಿಡಿದು ಇಂದಿನವರೆಗೂ, ತಲೆಯ ಸುತ್ತ ಪ್ರಭಾವಳಿ ಹೊತ್ತು ಹಸಿರು ಮರದಿಂದ ತೂಗುವ ಈ ಮನುಷ್ಯ ಸ್ವಇಚ್ಛೆಯ ತ್ಯಾಗವನ್ನು ಸಂಕೇತಿಸುತ್ತಾನೆ.’

ಓದಲು ಚೆಂದವಾಗಿದೆ. ಆದರೆ ಇದರಲ್ಲಿ ಒಂದು ಮಾತೂ ನಿಲ್ಲುವುದಿಲ್ಲ.

ಪ್ರಭಾವಳಿ. ಮಿಲಾನಿನ ವಿಸ್ಕೊಂಟಿ-ಸ್ಫೋರ್ಜಾ ಕಾರ್ಡಿನಲ್ಲಿ ಅದು ಎಲ್ಲಿದೆ, ತೋರಿಸಿ. ಹಿನ್ನೆಲೆಯಲ್ಲಿ ಚಿನ್ನದ ತಗಡು ಇದೆ, ನಿಜ. ಆ ಡೆಕ್‌ನಲ್ಲಿ ಚಕ್ರವರ್ತಿಯ ಹಿಂದೆಯೂ ಅದೇ ಚಿನ್ನ. ಅದು ಶ್ರೀಮಂತರ ಮನೆಯ ಆಟದ ಎಲೆ, ಅದಕ್ಕೇ ಚಿನ್ನ. ಈತ ಸಂತ ಅಂತ ಅಲ್ಲ. ಫ್ರಾನ್ಸಿನ ಹಳೆಯ ಮಾರ್ಸೆ ಡೆಕ್‌ನಲ್ಲೂ ತಲೆಯ ಸುತ್ತ ಏನೂ ಇಲ್ಲ, ಬರೀ ಕೂದಲು ಕೆಳಗೆ ಇಳಿಬಿದ್ದಿದೆ. ನೀವು ಹೇಳುವ ಆ ಹಳದಿ ಬೆಳಕಿನ ವೃತ್ತ ಇರುವುದು 1909ರಲ್ಲಿ ಲಂಡನ್ನಿನಲ್ಲಿ ಬಂದ ರೈಡರ್-ವೇಟ್ ಡೆಕ್‌ನಲ್ಲಿ. ನಾಲ್ಕೂವರೆ ಶತಮಾನದ ಆಮೇಲೆ ಬಂದದ್ದನ್ನು ಎತ್ತಿಕೊಂಡು ಹೋಗಿ ಮಿಲಾನಿನ ಹುಡುಗನ ತಲೆಗೆ ಕಟ್ಟಿದ್ದೀರಿ.

ಹಸಿರು ಮರ. ಇದೂ ಅಷ್ಟೇ. ಚಿಗುರೆಲೆ ಇರುವುದು 1909ರ ಚಿತ್ರದಲ್ಲಿ. ಮಿಲಾನಿನ ಕಾರ್ಡಿನಲ್ಲಿರುವುದು ಮರದ ಚೌಕಟ್ಟು, ಅಂದರೆ ಗಲ್ಲುಕಂಬ. ಮಾರ್ಸೆಗೆ ಬಂದರೆ ಇನ್ನೂ ಸ್ವಾರಸ್ಯ ಇದೆ. ನಿಕೊಲಾ ಕೊನ್ವೆರ್ ಹೆಸರಲ್ಲಿ 1760ರಿಂದ ಬಂದ ಡೆಕ್ ತೆಗೆದು ನೋಡಿ. ಎರಡೂ ಕಡೆ ಕಾಂಡ ಇದೆ, ಆದರೆ ಕೊಂಬೆಗಳನ್ನೆಲ್ಲ ಕಡಿದುಹಾಕಿದ್ದಾರೆ. ಒಂದೊಂದು ಕಾಂಡಕ್ಕೆ ಆರಾರು ಮೊಂಡು. ಕೊಡಲಿ ಏಟಿನ ಬಾಯಿ ಕೆಂಪಗೆ ಕಾಣುತ್ತದೆ. ಒಬ್ಬ ಚಿಗುರುವ ಮರದಲ್ಲಿ ತೂಗುತ್ತಾನೆ, ಇನ್ನೊಬ್ಬ ಬೋಳಿಸಿದ ಮರದ ನಡುವೆ. ನಿಮ್ಮ ಇಡೀ ಲೇಖನ ಈ ವ್ಯತ್ಯಾಸದ ಮೇಲೇ ನಿಲ್ಲಬಹುದಿತ್ತು. ನೀವು ಎರಡನ್ನೂ ‘ಹಸಿರು ಮರ’ ಅಂದು ಮುಂದೆ ಹೋಗಿಬಿಟ್ಟಿದ್ದೀರಿ.

ಸ್ವಇಚ್ಛೆ. ನನಗೆ ತಡೆಯಲಾಗದ್ದು ಇದು. ಕೈ ಬೆನ್ನ ಹಿಂದೆ, ಕಾಲಿಗೆ ಹಗ್ಗ. ಸ್ವಇಚ್ಛೆ ಎಲ್ಲಿಂದ ಬಂತು? ಐದನೇ ಪ್ಯಾರಾದಲ್ಲಿ ಕಂಸದೊಳಗೆ ‘ಇಟಲಿಯಲ್ಲಿ ದ್ರೋಹಿಗಳನ್ನು ಹೀಗೆ ಚಿತ್ರಿಸುತ್ತಿದ್ದರಂತೆ’ ಅಂತ ನೀವೇ ಬರೆದಿದ್ದೀರಿ. ಅಂತೆ! ಇಡೀ ಲೇಖನದ ಜೀವ ಆ ಕಂಸದೊಳಗಿದೆ ಅಂತ ನಿಮಗೆ ಅನ್ನಿಸಲಿಲ್ವಾ?

ಅದು ಅಂತೆಕಂತೆ ಅಲ್ಲ, ನಡೆದದ್ದು. ಆಗಿನ ಇಟಲಿಯ ಊರುಗಳಲ್ಲಿ ದ್ರೋಹ ಮಾಡಿ ಓಡಿಹೋದವನು ಕೈಗೆ ಸಿಗದಿದ್ದರೆ ಅವನ ಚಿತ್ರವನ್ನು ಊರಿನ ಗೋಡೆಯ ಮೇಲೆ ಬರೆಸುತ್ತಿದ್ದರು. ಒಂದು ಕಾಲಿಗೆ ಹಗ್ಗ, ತಲೆ ಕೆಳಗೆ. ಮಾನ ತೆಗೆಯುವ ಶಿಕ್ಷೆ. ಅದನ್ನು ಬರೆದವರು ಸಾಮಾನ್ಯ ಪೇಂಟರುಗಳೂ ಅಲ್ಲ. ಫ್ಲಾರೆನ್ಸಿನಲ್ಲಿ ಬಂಡೆದ್ದವರನ್ನು 1440ರಲ್ಲಿ ಹೀಗೆ ಗೋಡೆಗೆ ಬರೆದ ಆಂದ್ರೆಯಾ ದೆಲ್ ಕಾಸ್ತಾನ್ಯೊಗೆ ‘ನೇತುಹಾಕಿದವರ ಆಂದ್ರೆಯಾ’ ಅಂತಲೇ ಅಡ್ಡಹೆಸರು ಅಂಟಿತು. 1478ರಲ್ಲಿ ಆ ಊರನ್ನು ಆಳುತ್ತಿದ್ದ ಮೆಡಿಚಿ ಮನೆಯವರ ಮೇಲೆ ಕತ್ತಿ ಎತ್ತಿದ ಪಾತ್ಸಿ ಕಡೆಯವರನ್ನು ಬರೆದದ್ದು ಬೊಟ್ಟಿಚೆಲ್ಲಿ.

ಇನ್ನು ನಿಮ್ಮ ವಿಸ್ಕೊಂಟಿ-ಸ್ಫೋರ್ಜಾ ಡೆಕ್‌ಗೆ ಬನ್ನಿ. ಅದು ಸುಮಾರು 1450ರದು. ಆ ವರ್ಷ ಮಿಲಾನಿನ ಡ್ಯೂಕ್ ಆದ ಫ್ರಾಂಚೆಸ್ಕೊ ಸ್ಫೋರ್ಜಾ ಮನೆಗೆ ಸೇರಿದ್ದು. ಅವನ ಅಪ್ಪ ಮುತ್ಸಿಯೊ, ಕೊತಿನ್ಯೋಲ ಅನ್ನುವ ಊರಿನವನು, ಕೂಲಿ ಸೈನ್ಯದ ದಂಡನಾಯಕ. ಪೋಪ್ 23ನೇ ಜಾನ್ ಪರವಾಗಿ ಕಾದುತ್ತಿದ್ದವನು 1412ರಲ್ಲಿ ನೇಪಲ್ಸ್ ರಾಜನ ಕಡೆಗೆ ಹಾರಿದ. (ಈ ಪೋಪನನ್ನು ಚರ್ಚ್ ಈಗ ಅಧಿಕೃತ ಪೋಪ್ ಅಂತ ಎಣಿಸುವುದಿಲ್ಲ, ಇರಲಿ.) ಪೋಪ್ ಏನು ಮಾಡಿದ ಗೊತ್ತೇ? ರೋಮಿನ ಸೇತುವೆಗಳ ಮೇಲೆ, ಹೆಬ್ಬಾಗಿಲುಗಳ ಮೇಲೆ ಮುತ್ಸಿಯೊನ ಚಿತ್ರ ಬರೆಸಿದ. ಒಂದು ಕಾಲಿಗೆ ಹಗ್ಗ, ತಲೆ ಕೆಳಗೆ, ಕೈಯಲ್ಲಿ ಗುದ್ದಲಿ. ಜೊತೆಗೊಂದು ಪದ್ಯ: ನಾನು ಕೊತಿನ್ಯೋಲದ ಹಳ್ಳಿ ಗಮಾರ, ಚರ್ಚಿಗೆ ಹನ್ನೆರಡು ಸಲ ದ್ರೋಹ ಮಾಡಿದವನು ಅಂತ.

ಅಂದರೆ ಯಾರ ಅಪ್ಪನನ್ನು ಊರೆಲ್ಲ ನೋಡುವ ಹಾಗೆ ತಲೆಕೆಳಗಾಗಿ ಬರೆದಿದ್ದರೋ, ಅವನ ಮಗನ ಮನೆಯಲ್ಲಿ, ಚಿನ್ನದ ಹಿನ್ನೆಲೆಯಲ್ಲಿ, ಅದೇ ಭಂಗಿಯ ಮನುಷ್ಯ ಇಸ್ಪೀಟಿನ ಎಲೆಯಾಗಿ ಕೂತಿದ್ದಾನೆ. ಸಂಜೆ ಆಟಕ್ಕೆ ಕೂತು ಕೈಯಲ್ಲಿ ಆ ಎಲೆ ಬಂದಾಗ ಆ ಮನೆಯವರಿಗೆ ಏನು ನೆನಪಾಗುತ್ತಿತ್ತೋ? ಉತ್ತರ ಗೊತ್ತಿರಬೇಕಾಗಿಲ್ಲ. ಪ್ರಶ್ನೆ ಕೇಳಬೇಕಿತ್ತು. ಹಾಗಂತ ಹನ್ನೆರಡು ದ್ರೋಹ, ಹನ್ನೆರಡನೇ ಕಾರ್ಡು ಅಂತ ಗಂಟು ಹಾಕಲು ಹೋಗಬೇಡಿ. ನಿಮ್ಮ ಬರಹದ ಧಾಟಿ ನೋಡಿ ಮೊದಲೇ ಹೇಳುತ್ತಿದ್ದೇನೆ. ಮಿಲಾನಿನ ಕಾರ್ಡಿನ ಮೇಲೆ ಸಂಖ್ಯೆಯೂ ಇಲ್ಲ, ಹೆಸರೂ ಇಲ್ಲ.

ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಅದೇ ಶತಮಾನದ ಇನ್ನೊಂದು ಡೆಕ್ ಇದೆ. ಆರನೇ ಚಾರ್ಲ್ಸ್ ದೊರೆಯ ಹೆಸರು ಅಂಟಿಕೊಂಡಿದೆ, ಮಾಡಿದ್ದು ಮಾತ್ರ ಇಟಲಿಯಲ್ಲಿ. ಅದರಲ್ಲಿ ಇದೇ ಮನುಷ್ಯನ ಎರಡೂ ಕೈಯಲ್ಲಿ ಹಣದ ಚೀಲ ಇದೆ. ಮೂವತ್ತು ಬೆಳ್ಳಿ ನಾಣ್ಯಕ್ಕೆ ಯೇಸುವನ್ನು ಹಿಡಿದುಕೊಟ್ಟ ಯೂದನೇ ನೆನಪಿಗೆ ಬರುತ್ತಾನೆ. ಹಣದ ಚೀಲ ಹಿಡಿದವನಿಗೆ ‘ಸ್ವಇಚ್ಛೆಯ ತ್ಯಾಗ’ ಅಂತ ಹೆಸರಿಟ್ಟರೆ ನಗು ಬರುತ್ತದೆ.

ಕೊನೆಗೆ ತ್ಯಾಗ. ನಿಮ್ಮ ನಾಲ್ಕನೇ ಡೆಕ್ ಥಾತ್. ಇಂಗ್ಲೆಂಡಿನ ಮಾಂತ್ರಿಕ ಅಲಿಸ್ಟರ್ ಕ್ರೌಲಿಯ ಯೋಜನೆ, ಫ್ರೀಡಾ ಹ್ಯಾರಿಸ್ ಚಿತ್ರಗಳು. ಈ ಕಾರ್ಡಿನ ಬಗ್ಗೆ ಬರೆಯುವಾಗ ಕ್ರೌಲಿ, ತ್ಯಾಗ ಅನ್ನುವ ಕಲ್ಪನೆಯೇ ತಪ್ಪು ಅಂತ 1944ರಲ್ಲೇ ಹೇಳಿಬಿಟ್ಟಿದ್ದಾನೆ. ನೀವು ಅವನ ಡೆಕ್ಕನ್ನೇ ಸಾಕ್ಷಿಗೆ ಕರೆದು, ಅವನು ಬೇಡ ಅಂದದ್ದನ್ನೇ ಅವನ ಬಾಯಲ್ಲಿ ಹೇಳಿಸಿದ್ದೀರಿ. ಒಪ್ಪದಿದ್ದರೆ ಜಗಳ ಆಡಿ, ಅದು ಚೆನ್ನಾಗಿರುತ್ತದೆ. ಆದರೆ ಅವನು ಹೇಳಿದ್ದನ್ನು ಮೊದಲು ಓದಿ.

‘ಸಂಕೇತಿಸುತ್ತದೆ’ ಅನ್ನುವ ಕ್ರಿಯಾಪದದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದನ್ನು ಎಲ್ಲ ಕಡೆಯಿಂದ ಕಿತ್ತುಹಾಕಿ ಲೇಖನ ಓದಿ ನೋಡಿ. ಉಳಿದದ್ದು ಎಷ್ಟು ಅಂತ ನಿಮಗೇ ತಿಳಿಯುತ್ತದೆ.

ನಾನು ಕೆಲಸ ಕಲಿತದ್ದು ಒಂದು ವಾರಪತ್ರಿಕೆಯಲ್ಲಿ. ಮೊದಮೊದಲು ನಮಗೆ ಕೊಡುತ್ತಿದ್ದದ್ದು ಫೋಟೋಗಳಿಗೆ ಅಡಿಬರಹ ಬರೆಯುವ ಕೆಲಸ. ಎಲ್ಲರಿಗೂ ಬೇಸರದ ಕೆಲಸ ಅದು. ಅಲ್ಲಿ ಒಬ್ಬರು ಹಿರಿಯ ಉಪಸಂಪಾದಕರಿದ್ದರು. ನಶ್ಯ ಏರಿಸುತ್ತಾ ಕೂತಿರುತ್ತಿದ್ದರು, ಮಾತು ಕಮ್ಮಿ. ಒಮ್ಮೆ ಜಾತ್ರೆಯ ಫೋಟೋ ಬಂತು. ನನ್ನ ಪಕ್ಕದ ಮೇಜಿನವನು ‘ಭಕ್ತಿಪರವಶರಾಗಿ ತೇರೆಳೆದ ಜನಸಾಗರ’ ಅಂತ ಬರೆದು ಕೊಟ್ಟ. ಅವರು ಫೋಟೋ ಮುಂದೆ ತಳ್ಳಿ, ‘ಭಕ್ತಿಪರವಶ ಎಲ್ಲಿದೆಯಪ್ಪಾ, ಬೆರಳಿಟ್ಟು ತೋರಿಸು’ ಅಂದರು. ಅವನು ತಡಬಡಾಯಿಸಿದ. ಎಲ್ಲರೂ ಬಗ್ಗಿ ನೋಡಿದೆವು. ಮುಂದಿನ ಸಾಲಿನವನು ಹಗ್ಗ ಬಿಟ್ಟು, ಜಾರುತ್ತಿದ್ದ ಪಂಚೆ ಬಿಗಿದುಕೊಳ್ಳುತ್ತಿದ್ದ. ಅವನ ಹಿಂದಿನವನು ಯಾರನ್ನೋ ಬೈಯುತ್ತಿದ್ದ, ಬಾಯಿ ಅಗಲ ತೆರೆದಿತ್ತು. ಒಂದು ಮಗು ಚಕ್ರದ ಕಡೆ ನೋಡುತ್ತಿತ್ತು. ಆಮೇಲೆ ಅವರು ಫೋಟೋವನ್ನು ಬೋರಲು ಹಾಕಿ ನನ್ನ ಕಡೆ ತಿರುಗಿ, ‘ಮಗು ಯಾವ ಕಡೆ ನಿಂತಿತ್ತು?’ ಅಂದರು. ಆ ವರ್ಷ ಪೂರ್ತಿ ನಮಗೆ ಇದೇ ಪರೀಕ್ಷೆ. ಆಗ ಶನಿಕಾಟ ಅನ್ನಿಸುತ್ತಿತ್ತು. ಈಗ ಯಾವ ಲೇಖನ ಕೈಗೆ ತಗೊಂಡರೂ ನನ್ನ ಬೆರಳು ತಾನೇ ಹುಡುಕಲು ಹೊರಡುತ್ತದೆ.

ನಿಮ್ಮ ಲೇಖನದಲ್ಲಿ ಅದಕ್ಕೆ ಹೆಚ್ಚೇನೂ ಸಿಗಲಿಲ್ಲ. ನೀವು ಡೆಕ್‌ನ ಜೊತೆಗೆ ಬರುವ ಪುಸ್ತಕ ಓದಿದ್ದೀರಿ, ಚಿತ್ರ ನೋಡಿಲ್ಲ. ಆ ಮುಖದಲ್ಲಿ ನೋವಿಲ್ಲ, ಅವನು ತನ್ನೊಳಗೇ ಮುಳುಗಿದ್ದಾನೆ ಅನ್ನುವುದು 1909ರ ಡೆಕ್ ಯೋಜಿಸಿದ ವೇಟ್ ತಮ್ಮ ಡೆಕ್‌ಗೆ ಬರೆದ ವಿವರಣೆ. ಆ ಚಿತ್ರಕ್ಕೆ ಅದು ಒಪ್ಪುತ್ತದೆ. ಅದನ್ನೇ ನಾಲ್ಕು ಕಾರ್ಡಿಗೂ ಅಂಟಿಸಲು ಬರುವುದಿಲ್ಲ. ಫ್ರಾನ್ಸಿನ ಕೂರ್ ದ ಜೆಬೆಲಾಂ ಇನ್ನೊಂದೇ ಥರ ನೋಡಿದ. ಟ್ಯಾರೋ ಈಜಿಪ್ಟಿನ ವಿದ್ಯೆ ಅಂತ 1781ರಲ್ಲಿ ಬರೆದವನು ಅವನು. ಅದು ಬರೀ ಊಹೆ. ಇದು ಇಟಲಿಯಲ್ಲಿ ಹುಟ್ಟಿದ ಆಟ, ಮೂರು ಶತಮಾನ ಜನ ಸುಮ್ನೆ ಆಡಿಕೊಂಡಿದ್ದರು. ನಮ್ಮ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ದೇವರ ಚಿತ್ರ ಬರೆಸಿದ ಗಂಜೀಫಾ ಎಲೆಗಳಲ್ಲಿ ಆಡಿದ ಹಾಗೆ. ಜೆಬೆಲಾಂ ಈ ಕಾರ್ಡನ್ನು ನೋಡಿ, ಅಚ್ಚು ಹಾಕುವವರು ಚಿತ್ರವನ್ನು ಉಲ್ಟಾ ಮಾಡಿಬಿಟ್ಟಿದ್ದಾರೆ ಅಂದ. ಅವನ ಪ್ರಕಾರ ಈತ ನೇತಾಡುತ್ತಿಲ್ಲ, ನೆಟ್ಟಗೆ ನಿಂತಿದ್ದಾನೆ. ಇನ್ನೊಂದು ಕಾಲನ್ನು ಎಲ್ಲಿಡಲಿ ಅಂತ ಯೋಚಿಸುತ್ತಿರುವ ವಿವೇಕಿ! ತಪ್ಪೇ ಇರಬಹುದು. ಆದರೆ ಆ ಮಹಾರಾಯ ಕಾರ್ಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ್ದ. ಇವನು ನಿಮ್ಮ ಲೇಖನದಲ್ಲಿ ಯಾಕಿಲ್ಲ?

ನನ್ನ ಎರಡನೇ ತಕರಾರು ಚಿಕ್ಕದು, ಸಿಟ್ಟು ಮಾತ್ರ ಚಿಕ್ಕದಲ್ಲ. ನೀವು ಮತ್ತೆ ಮತ್ತೆ ‘ವೇಟ್ ಚಿತ್ರಿಸಿದ’, ‘ವೇಟ್ ಬಳಸಿದ ಬಣ್ಣ’ ಅಂತ ಬರೆದಿದ್ದೀರಿ. ವೇಟ್ ಕುಂಚ ಹಿಡಿದವರಲ್ಲ. ಏನೇನು ಬೇಕು ಅಂತ ಹೇಳಿದರು, ವಿವರಣೆ ಬರೆದರು. ಆ ಎಲೆ, ಆ ಪ್ರಭಾವಳಿ, ಆ ಮುಖ ಬರೆದದ್ದು ಪಮೇಲಾ ಕೋಲ್ಮನ್ ಸ್ಮಿತ್. 1878ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಬಾಲ್ಯದಲ್ಲಿ ಕೆಲವು ವರ್ಷ ಜಮೈಕಾದಲ್ಲಿ ಕಳೆದ ಕಲಾವಿದೆ. 1909ರಲ್ಲಿ ಅವರು ಅಮೆರಿಕದ ಫೋಟೋಗ್ರಾಫರ್ ಆಲ್ಫ್ರೆಡ್ ಸ್ಟೀಗ್ಲಿಟ್ಸ್‌ಗೆ ಒಂದು ಕಾಗದ ಬರೆದರು. ಕೆಲಸ ರಾಶಿ, ದುಡ್ಡು ಮಾತ್ರ ಚೂರುಪಾರು ಅನ್ನುವ ಮಾತು ಅದರಲ್ಲಿದೆ. ಡೆಕ್‌ಗೆ ಪ್ರಕಾಶಕ ರೈಡರ್ ಹೆಸರು ಬಂತು, ವೇಟ್ ಹೆಸರು ಬಂತು. ಆಕೆಯ ಹೆಸರು ಸೇರಿಸಿ ಹೇಳುವುದು ಶುರುವಾದದ್ದು ಬಹಳ ತಡವಾಗಿ. ಆದರೆ ಆಕೆ ಕಾರ್ಡುಗಳ ಮೂಲೆಯಲ್ಲಿ ಬಳ್ಳಿಯಂತೆ ಸುತ್ತಿದ ಪುಟ್ಟ ಸಹಿ ಹಾಕಿದ್ದಾರೆ. ಚಿತ್ರ ನೋಡಿದ್ದರೆ ಅದು ನಿಮ್ಮ ಕಣ್ಣಿಗೆ ಬೀಳುತ್ತಿತ್ತು.

ನನಗೆ ಇದು ಯಾಕೆ ಚುಚ್ಚುತ್ತದೆ ಅಂದರೆ, ನಮ್ಮ ವಾರಪತ್ರಿಕೆಯಲ್ಲೂ ಕಥೆಗಳಿಗೆ ಚಿತ್ರ ಬರೆಯುವ ಒಬ್ಬರಿದ್ದರು. ಕಥೆಗಾರನ ಹೆಸರು ದಪ್ಪಕ್ಷರದಲ್ಲಿ ಬರುತ್ತಿತ್ತು. ಇವರ ಸಹಿ ಚಿತ್ರದ ಕೆಳಗಿನ ಮೂಲೆಯಲ್ಲಿ. ಕಾಲಂ ಅಳತೆಗೆ ಚಿತ್ರ ಕತ್ತರಿಸುವಾಗ ಮೊದಲು ಹೋಗುತ್ತಿದ್ದದ್ದು ಆ ಮೂಲೆಯೇ. ಅವರು ಆಮೇಲಾಮೇಲೆ ಸಹಿಯನ್ನು ಚಿತ್ರದ ನಡುವೆ, ಸೀರೆಯ ಸೆರಗಿನಲ್ಲೋ ಕಿಟಕಿಯ ಸರಳಿನಲ್ಲೋ ಅಡಗಿಸಲು ಶುರು ಮಾಡಿದರು. ಯಾರಿಗೂ ಕತ್ತರಿಸಲು ಆಗಲಿಲ್ಲ.

ಇನ್ನು ಶೀರ್ಷಾಸನದ ಕೊನೆಯ ಪ್ಯಾರಾ, ಅದನ್ನು ತೆಗೆದುಬಿಡಿ. ಕಾರಣ ಕೇಳಬೇಡಿ.

ತಿರುಗಿ ಬರೆಯುವಿರಾದರೆ ರೋಮಿನ ಸೇತುವೆಯ ಮೇಲಿನ ಮುತ್ಸಿಯೊನಿಂದ ಶುರು ಮಾಡಿ. ಮಿಲಾನಿನ ಡೆಕ್‌ನಲ್ಲಿ ಈಗ ಉಳಿದಿರುವುದು 74 ಎಲೆಗಳು. ಒಂದಿಷ್ಟು ನ್ಯೂಯಾರ್ಕಿನ ಮೋರ್ಗನ್ ಲೈಬ್ರರಿಯಲ್ಲಿ, ಮಿಕ್ಕವು ಬೆರ್ಗಾಮೊದಲ್ಲಿ. ಅವುಗಳ ಒಳ್ಳೆಯ ಚಿತ್ರಗಳು ನೋಡಲು ಸಿಗುತ್ತವೆ. ಒಂದೊಂದು ಕಾರ್ಡನ್ನೂ ದೊಡ್ಡದು ಮಾಡಿಕೊಂಡು, ಪುಸ್ತಕ ಮುಚ್ಚಿಟ್ಟು, ಕಂಡದ್ದನ್ನು ಮಾತ್ರ ಬರೆದುಕೊಳ್ಳಿ: ಕೈ ಎಲ್ಲಿದೆ, ಮರ ಯಾವುದು, ಬಾಯಿ ಹೇಗಿದೆ. ಅರ್ಥದ ಮಾತು ಆಮೇಲೆ. ನಾಲ್ಕೂ ಕಾರ್ಡು ಒಂದೇ ಮಾತು ಹೇಳಬೇಕು ಅನ್ನುವ ಹಟ ಬೇಡ. ಜಗಳವಾಡಿಕೊಳ್ಳಲಿ ಬಿಡಿ.

ಮೊದಲ ಮೂರು ಕಾರ್ಡುಗಳ ಚಿತ್ರ ಲೇಖನದ ಜೊತೆ ಹಾಕೋಣ. ಥಾತ್ ಡೆಕ್‌ನ ಚಿತ್ರವನ್ನು ಮಾತ್ರ ನಾವು ಹಾಕುವುದಿಲ್ಲ. ಹಾಗಾಗಿ ಆ ಹಾವು, ತಲೆಯಲ್ಲಿ ಕುಣಿಕೆ ಇರುವ ಆ ಈಜಿಪ್ಟಿನ ಶಿಲುಬೆ ಅಂಖ್, ಅಗಲಿಸಿದ ಕೈಗಳು ಓದುಗರಿಗೆ ಕಾಣುವ ಹಾಗೆ ಮಾತಿನಲ್ಲೇ ಬರೆಯಬೇಕು. ನಾಲ್ಕು ಸಾಲು ಸಾಕು. ಬೇಕಿದ್ದರೆ ಅದನ್ನೊಂದೇ ಮೊದಲು ಬರೆದು ಕಳಿಸಿ, ನೋಡುತ್ತೇನೆ.

ಇಂತಿ,
ಸಂಪಾದಕ