ಬ್ಲೀಚಿಂಗ್ ಆದ ಮೇಲೆ ಹಲ್ಲು ಜುಮ್ಮೆನ್ನೋದಕ್ಕೆ

ಹಲ್ಲು ಬೆಳ್ಳಗಾಗಲಿ ಅಂತ ಬ್ಲೀಚಿಂಗ್ ಮಾಡಿಸಿ ಮೂರು ದಿನ ಆಯ್ತು, ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನುತ್ತೆ, ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) ಹೋಯ್ತಾ ಅಂತ ಕೇಳಿದ್ದೀರಿ. ಗಾಬರಿ ಬೇಡ. ಬ್ಲೀಚಿಂಗಿಗೆ ಹಚ್ಚೋ ಪೆರಾಕ್ಸೈಡ್ ಅನ್ನೋ ರಾಸಾಯನಿಕ ಎನಾಮಲ್ ದಾಟಿ ಒಳಗೆ ನರದವರೆಗೂ ಇಳಿಯುತ್ತೆ, ಜುಮ್ಮೆನ್ನೋದು ಅದಕ್ಕೇ; ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನಾಗೇ ಕಡಿಮೆಯಾಗುತ್ತೆ. ಮೇಲ್ಪದರ ಸ್ವಲ್ಪ ಮೆತ್ತಗಾಗಿದ್ದರೂ ಎಂಜಲಿನಲ್ಲಿರೋ ಕ್ಯಾಲ್ಸಿಯಂ, ಫಾಸ್ಫೇಟ್ ಮತ್ತೆ ಗಟ್ಟಿ ಮಾಡುತ್ತೆ. ಫ್ಲೋರೈಡ್ ಪೇಸ್ಟಿನಲ್ಲಿ ಉಜ್ಜಿ, ನೊರೆ ಉಗಿದು ಸುಮ್ಮನಿರಿ, ಬಾಯಿ ಮುಕ್ಕಳಿಸಬೇಡಿ. (ನಮ್ಮಮ್ಮನಿಗೆ ಇದೊಂದನ್ನ ಒಪ್ಪಿಸೋಕೆ ಇನ್ನೂ ಆಗಿಲ್ಲ.)

ಆದರೆ ನಿಂಬೆಹೋಳಿಗೆ ಉಪ್ಪು ಹಚ್ಚಿ ಉಜ್ಜುತ್ತಿದ್ದೆ ಅಂತಲೂ ಬರೆದಿದ್ದೀರಲ್ಲ, ನನಗೆ ಭಯ ಅದರದ್ದೇ. ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) ಸುಮಾರು 5.5ಕ್ಕಿಂತ ಇಳಿದರೆ ಎನಾಮಲ್ ಕರಗೋಕೆ ಶುರು, ನಿಂಬೆರಸದ್ದು 2ರ ಆಸುಪಾಸು. ಸವೆದುಹೋದ ಎನಾಮಲ್ ಮತ್ತೆ ಬೆಳೆಯಲ್ಲ, ಅದರಲ್ಲಿ ಜೀವಕೋಶಗಳೇ ಇಲ್ಲ. ವಾರ ಕಳೆದರೂ ಜುಮ್ಮೆಂದರೆ, ಬಿರುಕೋ ಹುಳುಕೋ ಇದೆಯಾ ಅಂತ ಡಾಕ್ಟರಿಗೆ ತೋರಿಸಿ.