ಕುಡಿತ ಬಿಟ್ಟವರಿಗೂ ತರಬೇತಿ ಬೇಕೇ?

ಕುಡಿತ ಬಿಟ್ಟು ಮೂರು ವರ್ಷವಾಗಿದೆ, ಆಪ್ತಸಮಾಲೋಚಕನಾಗಲು ಆ ಅನುಭವವೊಂದೇ ಸಾಲದೇ ಎಂದು ಕೇಳಿದ್ದೀರಿ. ಸಾಲದು. ನಾನೂ ಬಿಟ್ಟವನೇ, ಅದಕ್ಕೇ ಹೇಳುತ್ತಿದ್ದೇನೆ.

ತರಬೇತಿಯಲ್ಲಿ ನನಗೆ ಅತಿ ಕಷ್ಟವಾದದ್ದು ಬಾಯಿ ಮುಚ್ಚಿಕೊಂಡಿರುವುದು. ಅಭ್ಯಾಸದ ಸಂದರ್ಶನದ ಧ್ವನಿಮುದ್ರಣ ಕೇಳಿಸಿದಾಗ ನಾಚಿಕೆಯಾಯಿತು. ಎದುರಿನವರು ‘ಬಿಡಬೇಕು ಅನ್ನಿಸುತ್ತದೆ, ಆದರೆ...’ ಎನ್ನುವಷ್ಟರಲ್ಲೇ ನಾನು ನನ್ನ ಕಥೆ ಶುರುಮಾಡಿದ್ದೆ. ಬೇಕಾಗಿದ್ದದ್ದು ಆ ‘ಆದರೆ’ಯ ನಂತರದ ಮಾತು! 1983ರಲ್ಲಿ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ಮಂಡಿಸಿ, ಬಳಿಕ ಸ್ಟೀಫನ್ ರೋಲ್ನಿಕ್ ಜೊತೆ ಬೆಳೆಸಿದ ‘ಪ್ರೇರಣಾತ್ಮಕ ಸಂದರ್ಶನ’ ಎಂಬ ಸಮಾಲೋಚನಾ ವಿಧಾನದ ತಿರುಳೂ ಇದೇ: ಬಿಡಲು ಕಾರಣವೇನೆಂದು ನಾವು ಉಪದೇಶಿಸದೆ, ಅವರೇ ಹೇಳುವಂತೆ ಮಾಡುವುದು.

ಇನ್ನೊಂದು ವಿಷಯ. ವರ್ಷಗಟ್ಟಲೆ ವಿಪರೀತ ಕುಡಿದವರು ಹಠಾತ್ತನೆ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್, ಮೂರ್ನಾಲ್ಕನೇ ದಿನದ ಹೊತ್ತಿಗೆ ಸನ್ನಿ ಬರಬಹುದು, ಜೀವಕ್ಕೇ ಅಪಾಯ. ಕೈ ನಡುಗುತ್ತಿದೆ, ಬೆವರುತ್ತಿದ್ದಾರೆ ಎಂದರೆ ಸಮಾಲೋಚನೆ ಬದಿಗಿಟ್ಟು ವೈದ್ಯರ ಬಳಿ ಕಳಿಸಬೇಕು. ಅಷ್ಟು ವರ್ಷ ಕುಡಿದಿದ್ದರೂ ನನಗಿದು ಗೊತ್ತಿರಲಿಲ್ಲ ನೋಡಿ.

ಕೋರ್ಸ್ ಆರಿಸುವಾಗ, ಅನುಭವಿಗಳ ಮೇಲ್ವಿಚಾರಣೆಯಲ್ಲಿ ಎಷ್ಟು ಗಂಟೆ ಕೆಲಸ ಮಾಡಿಸುತ್ತಾರೆ ಎಂದು ಮೊದಲು ವಿಚಾರಿಸಿ. ನೀವು ಹೋಗುವ ಬೆಂಬಲ ಗುಂಪಿನ ಸಭೆಗಳನ್ನು ಮಾತ್ರ ತಪ್ಪಿಸಬೇಡಿ; ಅಲ್ಲಿ ನೀವು ಸಮಾಲೋಚಕರಲ್ಲ.