ಪಕ್ಕದ ಮನೆಯ ಟವರ್ ಮತ್ತು ಮಾಡಿಸದೇ ಉಳಿದ ಪರೀಕ್ಷೆ

ವಿಜಯನಗರದ ಓದುಗರೊಬ್ಬರು ಹೆಸರು ಬೇಡವೆಂದು ಕೋರಿ ಬರೆದಿದ್ದಾರೆ: ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಾಗಿಲ್ಲ, ಪತ್ನಿಯ ಪರೀಕ್ಷೆಗಳೆಲ್ಲ ಮುಗಿದು ದೋಷವೇನೂ ಕಂಡಿಲ್ಲ. ಪಕ್ಕದ ಮನೆಯ ತಾರಸಿಯಲ್ಲಿ ಮೊಬೈಲ್ ಟವರ್ ಇದೆ. ಕಂಪನಿ ಬಸ್ಸಿನಲ್ಲಿ ವೈಟ್‌ಫೀಲ್ಡಿಗೆ ಹೋಗಿಬರುವಷ್ಟು ಹೊತ್ತೂ ಲ್ಯಾಪ್‌ಟಾಪ್ ತೊಡೆಯ ಮೇಲೆ, ಫೋನ್ ಪ್ಯಾಂಟಿನ ಜೇಬಿನಲ್ಲಿ. ಅಲೆಗಳಿಂದ ತಮಗೇ ತೊಂದರೆಯಾಗಿರಬಹುದೇ, ಮನೆ ಬದಲಿಸಬೇಕೇ ಎಂಬುದು ಅವರ ಪ್ರಶ್ನೆ.

ಮಾನ್ಯರೇ, ಟವರಿಗೆ ಹೆದರಿ ಮನೆ ಬದಲಿಸುವ ಅಗತ್ಯ ನನಗೆ ಕಾಣುವುದಿಲ್ಲ. ದೂರ ಹೆಚ್ಚಿದಂತೆ ವಿದ್ಯುತ್ಕಾಂತೀಯ ಅಲೆಗಳ ತೀವ್ರತೆ ಬಹುಬೇಗ ಕುಗ್ಗುವುದರಿಂದ, ಸಾಮಾನ್ಯವಾಗಿ ನಮ್ಮ ಮೈಗೆ ಹೆಚ್ಚು ತಾಗುವುದು ಟವರಿನದಲ್ಲ, ಜೇಬಿನಲ್ಲಿರುವ ಫೋನಿನದು. ಸಿಗ್ನಲ್ ಕ್ಷೀಣವಾದೆಡೆ ಅದೇ ಫೋನ್ ಇನ್ನಷ್ಟು ಶಕ್ತಿ ವ್ಯಯಿಸಿ ಅಲೆಗಳನ್ನು ಹೊರಡಿಸುತ್ತದೆ.

ಫೋನಿನ ವಿಷಯದಲ್ಲಿಯೂ ಉತ್ತರ ಸರಳವಾಗಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ 2005ರಿಂದ 2018ರವರೆಗೆ 18ರಿಂದ 22 ವಯಸ್ಸಿನ 2,886 ಯುವಕರನ್ನು ಪರೀಕ್ಷಿಸಿದಾಗ, ದಿನಕ್ಕೆ 20ಕ್ಕಿಂತ ಹೆಚ್ಚು ಬಾರಿ ಫೋನ್ ಬಳಸುವವರಲ್ಲಿ ವೀರ್ಯಾಣುಗಳ ಸಾಂದ್ರತೆ ಮಿಲಿಲೀಟರಿಗೆ 4.45 ಕೋಟಿ, ವಾರಕ್ಕೊಮ್ಮೆಗಿಂತ ಹೆಚ್ಚು ಬಳಸದವರಲ್ಲಿ 5.65 ಕೋಟಿ ಇತ್ತು. ಆದರೆ 2ಜಿ ಹೋಗಿ 4ಜಿ ಬರುವ ಹೊತ್ತಿಗೆ ಈ ಅಂತರ ಕಿರಿದಾಗಿತ್ತು. ಫೋನನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಳ್ಳುವುದಕ್ಕೂ ಈ ಇಳಿಕೆಗೂ ನಂಟು ಕಾಣಲಿಲ್ಲ. ಇಂತಹ ಅಧ್ಯಯನ ಜೊತೆಜೊತೆಗೆ ಕಂಡದ್ದನ್ನು ಹೇಳೀತೇ ಹೊರತು ಕಾರಣವನ್ನು ಸಾಬೀತುಪಡಿಸಲಾರದು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಹಾನಿ ಕಂಡದ್ದುಂಟು, ಆದ್ದರಿಂದ ಭಯ ಪೂರ್ತಿ ನಿರಾಧಾರವೆಂದೂ ನಾನು ಹೇಳುವುದಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ತೊಡೆಯ ಮೇಲಿನ ಲ್ಯಾಪ್‌ಟಾಪ್. ವೃಷಣಗಳು ದೇಹದ ಹೊರಗಿರುವುದೇ ಮೈಬಿಸಿಗಿಂತ ಎರಡು ಮೂರು ಡಿಗ್ರಿ ತಂಪಾಗಿರಲೆಂದು. 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 29 ಪುರುಷರು ಒಂದು ಗಂಟೆ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು ಕುಳಿತಾಗ ಅಲ್ಲಿನ ಬಿಸಿ ಸುಮಾರು 2.7 ಡಿಗ್ರಿ ಸೆಲ್ಸಿಯಸ್ ಏರಿತ್ತು. ಲ್ಯಾಪ್‌ಟಾಪ್ ಇಲ್ಲದೆ ಬರಿದೇ ತೊಡೆ ಜೋಡಿಸಿ ಕುಳಿತರೂ 2.1 ಡಿಗ್ರಿ ಏರಿತ್ತು. ಹೀಗಾಗಿ ಕೆಳಗೆ ದಿಂಬು, ಬ್ಯಾಗು ಇಟ್ಟುಕೊಂಡರೆ ಸಾಲದು. ಬಸ್ಸಿನಲ್ಲಿ ಅದನ್ನು ತೆರೆಯಲೇಬೇಡಿ.

ಇನ್ನು ಮುಖ್ಯ ಮಾತು. ಪತ್ನಿಯ ಪರೀಕ್ಷೆಗಳನ್ನು ಒಂದೊಂದಾಗಿ ಬರೆದಿದ್ದೀರಿ, ನಿಮ್ಮದೊಂದನ್ನೂ ಬರೆದಿಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯಲ್ಲಿ ಪುರುಷನ ಕಡೆಯ ಕಾರಣವೂ ಸೇರಿರುತ್ತದೆ. ವೀರ್ಯ ಪರೀಕ್ಷೆಗೆ ಸೂಜಿ ಚುಚ್ಚುವುದಿಲ್ಲ. ಎರಡರಿಂದ ಏಳು ದಿನ ಸಂಯಮವಿದ್ದು ಮಾದರಿ ಕೊಟ್ಟರಾಯಿತು. ಅಷ್ಟು ಸುಲಭದ್ದನ್ನು ಬಿಟ್ಟು ಅವರೊಬ್ಬರನ್ನೇ ಆಸ್ಪತ್ರೆಗೆ ಅಲೆಸಿದ್ದು ಸರಿಯಲ್ಲ. ವರದಿಯಲ್ಲಿ ಕೊರತೆ ಕಂಡರೂ ಎದೆಗುಂದದೆ ವೈದ್ಯರ ಸಲಹೆಯಂತೆ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಿ. ಹೊಸ ವೀರ್ಯಾಣು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಬೇಕಾಗುವುದರಿಂದ, ಇಂದು ಬಿಟ್ಟ ಅಭ್ಯಾಸದ ಫಲ ಅಲ್ಲಿಯವರೆಗೆ ವರದಿಯಲ್ಲಿ ಕಾಣದು. ವೈದ್ಯರಲ್ಲಿಗೆ ಈ ಸಲ ಇಬ್ಬರೂ ಜೊತೆಯಾಗಿ ಹೋಗಿ.